ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚ್ ನಂಬಬಹುದಾ? ಕಲಬುರಗಿ ಕಡೆಯವರು ಯಾರಾದರೂ ಬಳಸಿದ್ದೀರಾ?

ಜೇವರ್ಗಿ_ರಸ್ತೆ
ಎಲ್ಲರಿಗೂ ನಮಸ್ಕಾರ ರೀ. ನಮ್ಮ ಅವ್ವನಿಗೆ ಶುಗರ್ ಬಂದು ಬಹಳ ವರ್ಷ ಆಯಿತು. ಕಳೆದ ವರ್ಷದಿಂದ ಇನ್ಸುಲಿನ್ ಶುರುವಾಗಿದೆ, ಬೆಳಿಗ್ಗೆ ಮತ್ತು ರಾತ್ರಿ. ದಿನಾ ಮನೆಯಲ್ಲೇ ಚೆಕ್ ಮಾಡಿ ಬರೆದಿಡಿ ಅಂತ ಡಾಕ್ಟರ್ ಹೇಳಿದ್ದಾರೆ. ಹೊಟ್ಟೆಗೆ ಇನ್ಸುಲಿನ್ ಸೂಜಿ ಹಾಕಿದರೆ ಅವ್ವ ಮಾತಾಡುವುದಿಲ್ಲ. ಬೆರಳು ಚುಚ್ಚಬೇಕು ಅಂದ ಕೂಡಲೇ ಎದ್ದು ಒಳಗೆ ಹೋಗುತ್ತಾಳೆ. "ರೊಟ್ಟಿ ಬಡಿಯುವ ಕೈ ಇದು, ದಿನಾ ತೂತು ಮಾಡಿದರೆ ಬಿಸಿ ಹಿಟ್ಟು ನಾದೋದು ಹೆಂಗ?" ಅನ್ನುತ್ತಾಳೆ. ಅವಳ ಮಾತೂ ಸುಳ್ಳಲ್ಲ.

ಮೊನ್ನೆ ಸೂಪರ್ ಮಾರ್ಕೆಟ್ ಕಡೆ ಒಂದು ಮೊಬೈಲ್ ಅಂಗಡಿಯಲ್ಲಿ ವಾಚ್ ತೋರಿಸಿದರು. ಹಿಂದೆ ಹಸಿರು ಲೈಟ್ ಮಿನುಗುತ್ತದೆ. ಬಿಪಿ, ಆಕ್ಸಿಜನ್, ಶುಗರ್ ಎಲ್ಲಾ ತೋರಿಸುತ್ತದಂತೆ. 2,800 ರೂಪಾಯಿ. ನನ್ನ ಕೈಗೆ ಕಟ್ಟಿ 98 ಅಂತ ತೋರಿಸಿದರು. ತಗೊಳ್ಳಲಾ? ಇದನ್ನು ನೋಡಿ ಇನ್ಸುಲಿನ್ ಕೊಡಬಹುದಾ?

ಶಹಾಬಾದ್_ಫರ್ಸಿ
ಬೇಡ. ಆ ದುಡ್ಡಿಗೆ ಬೆರಳು ಚುಚ್ಚಿ ನೋಡುವ ಮಷೀನ್‌ಗೆ ಎಷ್ಟು ಡಬ್ಬಿ ಸ್ಟ್ರಿಪ್ ಬರುತ್ತವೆ, ಲೆಕ್ಕ ಹಾಕಿ ನೋಡಿ.

ಬೀದರ್_ಕೋಟೆ
ನನ್ನ ಹತ್ತಿರ ಅಂಥದ್ದೇ ಇದೆ. ಬೆಳಿಗ್ಗೆ ವಾಚ್ 112 ತೋರಿಸಿದರೆ ಮಷೀನ್ 118 ತೋರಿಸುತ್ತದೆ. ಹತ್ತರ ಒಳಗೇ ವ್ಯತ್ಯಾಸ. ಎಲ್ಲದಕ್ಕೂ ಮೋಸ ಅನ್ನುವುದು ಸರಿಯಲ್ಲ ಬಿಡಿ.

ನೈಟ್_ಡ್ಯೂಟಿ_ಸಿಸ್ಟರ್
ಜೇವರ್ಗಿ ರಸ್ತೆಯವರೇ, ದಯವಿಟ್ಟು ಆ ವಾಚ್ ನೋಡಿ ಇನ್ಸುಲಿನ್ ಕೊಡಬೇಡಿ. ನಾನು ಯಾದಗಿರಿ ಜಿಲ್ಲೆಯಲ್ಲಿ ನರ್ಸ್. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಶಹಾಪುರ ಕಡೆಯ ಒಬ್ಬ ಹಿರಿಯರನ್ನು ರಾತ್ರಿ ಕರೆತಂದರು. ಅಂಗಿ ಬೆವರಿನಿಂದ ಒದ್ದೆ. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಮಗ ಮಾತ್ರ "ಶುಗರ್ ನಾರ್ಮಲ್ ಐತ್ರೀ ಅಕ್ಕೋರೆ, ವಾಚ್‌ನಾಗ 110 ಐತಿ" ಅನ್ನುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ 48! ನಾವು ಅದೇ ಕ್ಷಣ ಗ್ಲೂಕೋಸ್ ಹಾಕಿದೆವು, ಸ್ವಲ್ಪ ಹೊತ್ತಿಗೆ ಎದ್ದು ಕೂತರು. ಆಗಲೂ ವಾಚ್‌ನಲ್ಲಿ ಅದೇ ನೂರರ ಸುತ್ತಲಿನ ನಂಬರ್. ಆ ಮನೆಯವರು ವಾಚ್ ನಂಬಿ ಇನ್ನೊಂದು ತಾಸು ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

70ಕ್ಕಿಂತ ಕೆಳಗೆ ಹೋದರೆ ಅದು ಲೋ ಶುಗರ್. ಇನ್ಸುಲಿನ್ ಮೇಲಿರುವವರಿಗೆ ಶುಗರ್ ಜಾಸ್ತಿ ಆಗುವುದಕ್ಕಿಂತ ಒಮ್ಮೆಲೇ ಇಳಿಯುವುದು ಬೇಗ ಅಪಾಯ ತರುತ್ತದೆ.

ಬೀದರ್_ಕೋಟೆ
ಸಿಸ್ಟರ್, ನಾನು ಇನ್ಸುಲಿನ್ ಮೇಲಿಲ್ಲ. ಮಾತ್ರೆ ಅಷ್ಟೇ. ನನಗೆ ಸರಿ ಬರುತ್ತಿದೆ ಅಂತ ಹೇಳಿದೆ.

ಸರ್ಕ್ಯೂಟ್_ಮೇಷ್ಟ್ರು
ಕೋಟೆ ಸರ್, ನಿಮಗೆ ಸರಿ ಬಂದಂತೆ ಕಾಣುವುದಕ್ಕೆ ಕಾರಣ ಇದೆ. ನಿಮ್ಮ ಶುಗರ್ ಕಂಟ್ರೋಲ್‌ನಲ್ಲಿದೆ. ಖಾಲಿ ಹೊಟ್ಟೆಯಲ್ಲಿ ದಿನಾ 105ರಿಂದ 125ರ ಒಳಗೇ ಇರುತ್ತದೆ ಅನ್ನಿ. ಒಂದು ಯಂತ್ರ ಏನನ್ನೂ ಅಳೆಯದೆ, ಸುಮ್ನೆ 100ರಿಂದ 120ರ ನಡುವೆ ಒಂದು ನಂಬರ್ ತೋರಿಸಿದರೂ ಹೆಚ್ಚಿನ ಸಲ ಹತ್ತಿಪ್ಪತ್ತರ ಒಳಗೇ ಹೊಂದುತ್ತದೆ ಅಲ್ವಾ? ಯಂತ್ರದ ಪರೀಕ್ಷೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಲ್ಲ. ಎರಡು ಹೋಳಿಗೆ ಊಟ ಮಾಡಿ ಒಂದೂವರೆ ತಾಸಿಗೆ ಎರಡನ್ನೂ ಹಿಡಿದು ನೋಡಿ. ಶುಗರ್ ಏರಿದಾಗ ಏರಬೇಕು, ಇಳಿದಾಗ ಇಳಿಯಬೇಕು. ಅದು ಬಂದರೆ ಮಾತ್ರ ಅದನ್ನು ಅಳತೆ ಅನ್ನಬಹುದು.

ಇನ್ನೊಂದು ಪ್ರಶ್ನೆ. ವಾಚ್ ಶುರು ಮಾಡುವಾಗ ಫೋನ್ ಆ್ಯಪ್ ನಿಮ್ಮ ವಯಸ್ಸು, ತೂಕ, ಶುಗರ್ ಕಾಯಿಲೆ ಇದೆಯಾ ಅಂತ ಕೇಳಿತಾ?

ಬೀದರ್_ಕೋಟೆ
ಕೇಳಿತು. ಮಷೀನ್‌ನಲ್ಲಿ ಬಂದ ರೀಡಿಂಗ್ ಕೂಡ ಒಮ್ಮೆ ಹಾಕಿ ಅಂತ ಕೇಳಿತು.

ಸರ್ಕ್ಯೂಟ್_ಮೇಷ್ಟ್ರು
ಹಾಗಾದರೆ ನೀವೇ ಹೇಳಿಕೊಟ್ಟ ನಂಬರ್‌ನ ಸುತ್ತಮುತ್ತ ಅದು ಓಡಾಡುತ್ತಿದೆ ಸರ್.

ಆಳಂದ_ಚೆಕ್‌ಪೋಸ್ಟ್
ನಮ್ಮ ಭಾವ ಅಂಥ ವಾಚ್ ತಂದಿದ್ದರು. ಟವೆಲ್ ಸುರುಳಿ ಸುತ್ತಿ ಅದಕ್ಕೆ ಕಟ್ಟಿ ನೋಡಿದೆವು. ಟವೆಲ್‌ಗೆ ಶುಗರ್ 104, ಹೃದಯ ಬಡಿತ 72! ಮಕ್ಕಳ ಮುಂದೆಯೇ ಆಯಿತು ಇದು. ಭಾವ ಅವತ್ತೇ ಬಿಚ್ಚಿಟ್ಟರು.

ಮೆಡಿಕಲ್_ಅಣ್ಣ_ಸೇಡಂ
ಇದು ಬರೀ ನಮ್ಮ ಕಡೆಯ ಮಾತಲ್ಲ. ಔಷಧ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಚರ್ಮ ಚುಚ್ಚದೆ ತಾನಾಗಿಯೇ ಶುಗರ್ ಅಳೆಯುತ್ತೇವೆ ಅನ್ನುವ ಯಾವ ಸ್ಮಾರ್ಟ್‌ವಾಚ್‌ಗೂ, ಯಾವ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ನೇರವಾಗಿ ಹೇಳಿತು. ಯಾವ ಬ್ರ್ಯಾಂಡ್ ಆದರೂ ಅಷ್ಟೇ ಅಂತ ಹೇಳಿತು. ತಪ್ಪು ರೀಡಿಂಗ್ ನೋಡಿ ಇನ್ಸುಲಿನ್ ಜಾಸ್ತಿ ತಗೊಂಡರೆ ಪ್ರಜ್ಞೆ ತಪ್ಪಬಹುದು, ಜೀವಕ್ಕೇ ಅಪಾಯ ಆಗಬಹುದು ಅಂತಲೂ ಬರೆದಿತ್ತು. ನಮ್ಮ ಅಂಗಡಿಗೂ ಇಂಥ ವಾಚ್ ಇಡಿ ಅಂತ ಬರುತ್ತಾರೆ. ನಾನು ಇಟ್ಟಿಲ್ಲ, ಇಡುವುದೂ ಇಲ್ಲ.

ಹುಮನಾಬಾದ್_ಜಂಕ್ಷನ್
ಒಂದು ನಿಮಿಷ. ನನ್ನ ಗೆಳೆಯ ಹೈದರಾಬಾದ್‌ನಲ್ಲಿದ್ದಾನೆ. ಅವನ ವಾಚ್‌ನಲ್ಲಿ ಶುಗರ್ ಕಾಣುತ್ತದೆ, ಗೆರೆ ಸಮೇತ. ಅವನ ಡಾಕ್ಟರೇ ಅದನ್ನು ನೋಡುತ್ತಾರೆ. ಅದು ಹೇಗೆ?

ಭಾಲ್ಕಿ_ತಾಯಿ
ಅವರ ತೋಳಿನ ಹಿಂಭಾಗದಲ್ಲಿ ದೊಡ್ಡ ನಾಣ್ಯದಂಥ ಬಿಳಿ ಬಿಲ್ಲೆ ಅಂಟಿಸಿರುತ್ತಾರೆ, ಕೇಳಿ ನೋಡಿ. ಅಳೆಯುವುದು ಆ ಬಿಲ್ಲೆ, ಅದಕ್ಕೆ ಸೆನ್ಸರ್ ಅನ್ನುತ್ತಾರೆ. ಅದು ಫೋನ್‌ಗೆ ಕಳಿಸುತ್ತದೆ, ಫೋನ್ ವಾಚ್‌ಗೆ ಕಳಿಸುತ್ತದೆ. ವಾಚ್ ಬರೀ ತೋರಿಸುತ್ತದೆ.

ನನ್ನ ಮಗಳಿಗೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್. ಅವಳಿಗೆ ಅದನ್ನು ಹಾಕುತ್ತೇವೆ, ಫ್ರೀಸ್ಟೈಲ್ ಲಿಬ್ರೆ. ಕೆಳಗೆ ಸುಮಾರು ಅರ್ಧ ಸೆಂಟಿಮೀಟರ್ ಉದ್ದದ ಮೆತ್ತನೆಯ ತೆಳು ಎಳೆ ಇರುತ್ತದೆ. ಒತ್ತಿದಾಗ ಒಂದು ಸೂಜಿ ಆ ಎಳೆಯನ್ನು ಚರ್ಮದ ಕೆಳಗೆ ಬಿಟ್ಟು ತಾನು ಹೊರಗೆ ಬರುತ್ತದೆ. ಟಕ್ ಅಂತ ಶಬ್ದ ಜಾಸ್ತಿ, ನೋವು ಕಮ್ಮಿ. ಹದಿನಾಲ್ಕು ದಿನ ಇರುತ್ತದೆ. ಸ್ನಾನ ಮಾಡಬಹುದು. ರಕ್ತ ತೆಗೆಯುವುದಿಲ್ಲ, ನಿಜ. ಆದರೆ ಚುಚ್ಚುವುದೇ ಇಲ್ಲ ಅನ್ನುವಂತಿಲ್ಲ.

ಜೇವರ್ಗಿ_ರಸ್ತೆ
ಅಕ್ಕಾವ್ರೇ, ಇದು ಗೊತ್ತೇ ಇರಲಿಲ್ಲ. ರಕ್ತ ಇಲ್ಲದೆ ಶುಗರ್ ಹೇಗೆ ಗೊತ್ತಾಗುತ್ತದೆ? ಖರ್ಚು ಎಷ್ಟು?

ಭಾಲ್ಕಿ_ತಾಯಿ
ಚರ್ಮದ ಕೆಳಗೆ ಜೀವಕೋಶಗಳ ನಡುವೆ ನೀರಿನಂಥ ದ್ರವ ಇರುತ್ತದೆ. ರಕ್ತದ ಸಕ್ಕರೆ ಅಲ್ಲಿಗೂ ಹೋಗುತ್ತದೆ. ಎಳೆಯ ಮೇಲೆ ಲೇಪಿಸಿದ ಕಿಣ್ವ ಅಲ್ಲಿನ ಸಕ್ಕರೆಯನ್ನು ಅಳೆಯುತ್ತದೆ. ಆದರೆ ರಕ್ತದಲ್ಲಿ ಆದ ಬದಲಾವಣೆ ಅಲ್ಲಿಗೆ ತಲುಪಲು ಐದು-ಹತ್ತು ನಿಮಿಷ ಬೇಕು. ಶುಗರ್ ಜೋರಾಗಿ ಇಳಿಯುತ್ತಿದ್ದರೆ ಸೆನ್ಸರ್ ಹಿಂದೆ ಉಳಿಯುತ್ತದೆ. ಮಗಳು ಸುಸ್ತು ಅಂದಾಗ ಸೆನ್ಸರ್ 85 ತೋರಿಸಿದರೂ ನಾನು ಬೆರಳು ಚುಚ್ಚಿ ನೋಡುತ್ತೇನೆ.

ಇನ್ನೊಂದು ವಿಷಯ, ನಿದ್ದೆಗೆಡಿಸುವಂಥದ್ದು. ಒಂದು ರಾತ್ರಿ ಮೂರು ಗಂಟೆಗೆ ಅಲಾರಂ ಹೊಡೆಯಿತು. 58 ಅಂತ ತೋರಿಸುತ್ತಿತ್ತು. ಸಕ್ಕರೆ ಡಬ್ಬಿ ಹಿಡಿದು ಓಡಿದೆ. ಮಗಳು ಆ ತೋಳಿನ ಮೇಲೇ ಮಗ್ಗುಲಾಗಿ ಮಲಗಿದ್ದಳು. ಬೆರಳಲ್ಲಿ ನೋಡಿದರೆ 112. ತೋಳು ಒತ್ತಿದಾಗ ಆ ಜಾಗಕ್ಕೆ ರಕ್ತ ಓಡಾಟ ಕಮ್ಮಿಯಾಗಿ ಸುಳ್ಳು ಲೋ ಬರುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಈಗ ಮಲಗುವ ಮಗ್ಗುಲು ನೋಡಿ ತೋಳು ಆರಿಸುತ್ತೇವೆ.

ಖರ್ಚು ಜಾಸ್ತಿ ರೀ. ಒಂದು ಸೆನ್ಸರ್‌ಗೆ ನಾಲ್ಕೈದು ಸಾವಿರ ಆಗುತ್ತದೆ, ಅದೂ ಎರಡು ವಾರಕ್ಕೆ. ನಾವು ವರ್ಷ ಪೂರ್ತಿ ಹಾಕುವುದಿಲ್ಲ. ಪರೀಕ್ಷೆ ಸಮಯ, ಔಷಧದ ಪ್ರಮಾಣ ಬದಲಾದಾಗ, ಮದುವೆ ಮನೆ ಓಡಾಟ ಇದ್ದಾಗ ಹಾಕುತ್ತೇವೆ. ಉಳಿದ ದಿನ ಸ್ಟ್ರಿಪ್.

ತೊಗರಿ_ಕಣಜ
ತಿಂಗಳಿಗೆ ಎಂಟು-ಹತ್ತು ಸಾವಿರ! ತೊಗರಿ ರೇಟ್ ನೋಡಿ ಮಾತಾಡಿ ಅಕ್ಕಾವ್ರೇ. ಒಣಭೂಮಿ ರೈತನಿಗೆ ಇದು ಆಗುವ ಮಾತಾ?

ಭಾಲ್ಕಿ_ತಾಯಿ
ಆಗುವುದಿಲ್ಲ ಅಂತ ನನಗೂ ಗೊತ್ತು ಅಣ್ಣಾ. ಅದಕ್ಕೇ ನಾವೂ ದಿನಾ ಹಾಕುವುದಿಲ್ಲ. ಟೈಪ್ 1 ಮಕ್ಕಳಿಗಾದರೂ ಸರ್ಕಾರ ಕೊಡಬೇಕು. ದಿನಕ್ಕೆ ನಾಲ್ಕೈದು ಸಲ ಮಗುವಿನ ಬೆರಳು ಚುಚ್ಚುವುದು ಏನು ಅಂತ ಚುಚ್ಚುವ ತಾಯಿಗೆ ಗೊತ್ತು.

ಸುರಪುರ_ಅಕ್ಕ
ನಮ್ಮ ಕಡೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣುಮಕ್ಕಳ ಬೆರಳು ನೋಡಿ. ತುದಿ ಗಟ್ಟಿಯಾಗಿ ಸೂಜಿ ಒಳಗೆ ಹೋಗುವುದಿಲ್ಲ. ಜೋರಾಗಿ ಚುಚ್ಚಿದರೆ ಮರುದಿನ ಖಾರ ತಾಗಿ ಉರಿ ತಡೆಯಲಾಗದು. ಸೂಜಿ ಬೇಡ ಅನ್ನುವುದು ಹೆದರಿಕೆಯಿಂದ ಅಲ್ಲ. ಇದನ್ನು ಕಂಡುಹಿಡಿಯುವವರು ಇಂಥ ಕೈಗಳನ್ನೂ ನೆನೆಯಲಿ.

ರಟಕಲ್_ಬಸ್
ಕೊರೊನಾ ಸಮಯದಲ್ಲಿ ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡಿದೆವು. ರಕ್ತ ತೆಗೆಯಲಿಲ್ಲ, ಬರೀ ಲೈಟ್. ಆಕ್ಸಿಜನ್‌ಗೆ ಆಗುವುದು ಶುಗರ್‌ಗೆ ಯಾಕೆ ಆಗುವುದಿಲ್ಲ? ಸ್ಟ್ರಿಪ್ ಕಂಪನಿಯವರು ಬಿಡುತ್ತಿಲ್ಲ ಅಷ್ಟೇ. ಸ್ಟ್ರಿಪ್ ಮಾರಾಟ ನಿಂತುಹೋಗುತ್ತದಲ್ಲ!

ಸರ್ಕ್ಯೂಟ್_ಮೇಷ್ಟ್ರು
ಪ್ರಶ್ನೆ ಚೆನ್ನಾಗಿದೆ, ಉತ್ತರ ಸ್ವಲ್ಪ ಉದ್ದ. ತಾಳ್ಮೆಯಿಂದ ಓದಿ.

ರಕ್ತದ ಹಿಮೋಗ್ಲೋಬಿನ್‌ಗೆ ಬಣ್ಣ ಇದೆ. ಆಕ್ಸಿಜನ್ ಹಿಡಿದಾಗ ಒಂದು ಬಣ್ಣ, ಬಿಟ್ಟಾಗ ಬೇರೆ. ಕ್ಲಿಪ್‌ನಿಂದ 660 ನ್ಯಾನೋಮೀಟರ್ ಸುತ್ತಲಿನ ಕೆಂಪು ಬೆಳಕು ಮತ್ತು 940ರ ಸುತ್ತಲಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡೂ ಬೆರಳೊಳಗೆ ಹೋಗುತ್ತವೆ. ಯಾವುದು ಎಷ್ಟು ದಾಟಿ ಬಂತು ಅಂತ ಹೋಲಿಸಿದರೆ ಆಕ್ಸಿಜನ್ ಲೆಕ್ಕ ಸಿಗುತ್ತದೆ. ಹಿಮೋಗ್ಲೋಬಿನ್ ಪ್ರಮಾಣವೂ ದೊಡ್ಡದು, ಪ್ರತಿ ಡೆಸಿಲೀಟರ್ (ನೂರು ಎಂಎಲ್) ರಕ್ತದಲ್ಲಿ 12ರಿಂದ 15 ಗ್ರಾಂ.

ಸಕ್ಕರೆ ಎಷ್ಟು? ಶುಗರ್ 100 ಅಂದರೆ ಡೆಸಿಲೀಟರ್‌ಗೆ 100 ಮಿಲಿಗ್ರಾಂ. ಅಂದರೆ ಮೈಯಲ್ಲಿರುವ ಸುಮಾರು ಐದು ಲೀಟರ್ ರಕ್ತದಲ್ಲೆಲ್ಲಾ ಸೇರಿ ಐದು ಗ್ರಾಂ. ಒಂದು ಚಹಾ ಚಮಚ! ಹಿಮೋಗ್ಲೋಬಿನ್‌ಗಿಂತ ನೂರು ಪಟ್ಟು ಕಮ್ಮಿ. ಮೇಲಾಗಿ ಗ್ಲೂಕೋಸ್‌ಗೆ ಬಣ್ಣ ಇಲ್ಲ. ಇನ್‌ಫ್ರಾರೆಡ್‌ನಲ್ಲಿ ಅದು ಹೀರುವ ಬೆಳಕನ್ನೇ ನೀರು, ಕೊಬ್ಬು, ಪ್ರೋಟೀನ್ ಕೂಡ ಹೀರುತ್ತವೆ. ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿನಲ್ಲಿ, ಆ ಗದ್ದಲದಲ್ಲಿ, ಯಾರೋ ಒಬ್ಬರು ಪಿಸುಗುಟ್ಟಿದ್ದನ್ನು ದೂರದಿಂದ ಕೇಳಿಸಿಕೊಳ್ಳಬೇಕು, ಅಂಥ ಕೆಲಸ ಇದು. ಚರ್ಮ ಬೆವರಿದರೆ, ಬಿಸಿಯಾದರೆ, ವಾಚ್ ಪಟ್ಟಿ ಸ್ವಲ್ಪ ಬಿಗಿಯಾದರೆ ಆಗುವ ವ್ಯತ್ಯಾಸವೇ ಸಕ್ಕರೆಯ ಸಿಗ್ನಲ್‌ಗಿಂತ ದೊಡ್ಡದು.

ಕಂಪನಿಯವರು ಬಿಡುತ್ತಿಲ್ಲ ಅನ್ನುವುದಕ್ಕೆ ನನ್ನ ಉತ್ತರ: ಇದನ್ನು ಯಾರು ಮೊದಲು ನಿಜವಾಗಿ ಮಾಡುತ್ತಾರೋ ಅವರಿಗೆ ಸಿಗುವ ದುಡ್ಡು ಸ್ಟ್ರಿಪ್ ಮಾರಿದ್ದಕ್ಕಿಂತ ಎಷ್ಟೋ ಜಾಸ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲೇ 10.1 ಕೋಟಿ ಜನಕ್ಕೆ ಶುಗರ್ ಇದೆ. ಇಷ್ಟು ದೊಡ್ಡ ಮಾರುಕಟ್ಟೆ ಕಣ್ಣ ಮುಂದಿರುವಾಗ ಕೈಗೆ ಬಂದದ್ದನ್ನು ಯಾರು ಮುಚ್ಚಿಡುತ್ತಾರೆ?

ರಟಕಲ್_ಬಸ್
ಒಪ್ಪಿದೆ ಮೇಷ್ಟ್ರೇ, ಆದರೆ ದೊಡ್ಡ ಕಂಪನಿಗಳು ಏನು ಮಾಡುತ್ತಿವೆ? ಗೂಗಲ್‌ನವರು ಕಣ್ಣಿಗೆ ಹಾಕುವ ಲೆನ್ಸ್ ಮಾಡುತ್ತಾರೆ ಅಂತ ಎಂದೋ ಪೇಪರ್‌ನಲ್ಲಿ ಬಂದಿತ್ತು.

ಸರ್ಕ್ಯೂಟ್_ಮೇಷ್ಟ್ರು
ಅದು 2014ರ ಜನವರಿ. ಕಣ್ಣೀರಿನಲ್ಲಿರುವ ಸಕ್ಕರೆ ಅಳೆಯುವ ಲೆನ್ಸ್. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬುವಂಥ ಹೊಂದಾಣಿಕೆ ಸಿಗಲಿಲ್ಲ. 2018ರ ನವೆಂಬರ್‌ನಲ್ಲಿ ಆ ಕೆಲಸ ನಿಲ್ಲಿಸಿದ್ದೇವೆ ಅಂತ ಅವರೇ ಪ್ರಕಟಿಸಿದರು.

ಅದಕ್ಕೂ ಮೊದಲು ಗ್ಲೂಕೋವಾಚ್ ಅಂತ ಒಂದಿತ್ತು. ಅದಕ್ಕೆ ಎಫ್‌ಡಿಎ 2001ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಅದು ಬೆಳಕಿನದ್ದಲ್ಲ. ಸಣ್ಣ ಕರೆಂಟ್ ಹರಿಸಿ ಚರ್ಮದ ಮೂಲಕ ದ್ರವ ಎಳೆಯುತ್ತಿತ್ತು. ಕಟ್ಟಿಕೊಂಡು ತಾಸುಗಟ್ಟಲೆ ಕಾಯಬೇಕು, ಬೆರಳು ಚುಚ್ಚಿ ಹೊಂದಿಸಬೇಕು, ಚರ್ಮ ಕೆಂಪಾಗಿ ಉರಿಯುತ್ತಿತ್ತು. ಬೆವರಿದರೆ ರೀಡಿಂಗ್ ಬಿಟ್ಟುಬಿಡುತ್ತಿತ್ತು. ಲೋ ಶುಗರ್ ಆದಾಗ ಮೊದಲು ಬರುವುದೇ ಬೆವರು! ಜನ ಕೈಬಿಟ್ಟರು, ಮಾರಾಟ ನಿಂತಿತು.

ನೈಟ್_ಡ್ಯೂಟಿ_ಸಿಸ್ಟರ್
ನಮ್ಮ ಮೇ ತಿಂಗಳಲ್ಲಿ ಅದನ್ನು ಕಟ್ಟಿಕೊಂಡಿದ್ದರೆ ಒಂದು ರೀಡಿಂಗೂ ಸಿಗುತ್ತಿರಲಿಲ್ಲ.

ಆ ಬೆರಳ ಕ್ಲಿಪ್ (ಆಕ್ಸಿಮೀಟರ್) ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಅದೂ ಕಪ್ಪು ಮೈಬಣ್ಣದವರಲ್ಲಿ ಆಕ್ಸಿಜನ್ ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು ಅಂತ ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ ಬೆಳಕಿನ ಶುಗರ್ ಯಂತ್ರ ನಾಳೆ ಬಂದರೂ, ನಮ್ಮ ಹೊಲದ ಬಿಸಿಲಲ್ಲಿ ದುಡಿದ ಚರ್ಮದ ಮೇಲೆ ಪರೀಕ್ಷೆ ಆಗಿದೆಯಾ ಅಂತ ಮೊದಲು ಕೇಳಬೇಕು.

ನಿವೃತ್ತ_ಲ್ಯಾಬ್
ಸೂಜಿ ಇಲ್ಲದೆ ಶುಗರ್ ನೋಡುವುದು ಹೊಸದೇನಲ್ಲ ಮಕ್ಕಳಾ. ನಾನು ಕೆಲಸಕ್ಕೆ ಸೇರಿದಾಗ ದವಾಖಾನೆಯಲ್ಲಿ ದಿನವಿಡೀ ಅದೇ ಕೆಲಸ. ಟೆಸ್ಟ್‌ಟ್ಯೂಬ್‌ಗೆ ಐದು ಎಂಎಲ್ ಬೆನೆಡಿಕ್ಟ್ ದ್ರಾವಣ, ಎಂಟು ಹನಿ ಮೂತ್ರ. ಸ್ಪಿರಿಟ್ ದೀಪದ ಮೇಲೆ ಹಿಡಿದು ಎರಡು ನಿಮಿಷ ಕುದಿಸಬೇಕು. ಬಾಯಿ ನಮ್ಮ ಕಡೆ ಇರಬಾರದು, ಕುದಿದು ಚಿಮ್ಮುತ್ತದೆ. ತಣ್ಣಗಾದ ಮೇಲೆ ಬಣ್ಣ ನೋಡಬೇಕು. ನೀಲಿ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಹಳದಿ, ಕಿತ್ತಳೆ ಆದರೆ ಜಾಸ್ತಿ. ಇಟ್ಟಂಗಿ ಕೆಂಪು ಬಂದರೆ ಬಹಳ ಜಾಸ್ತಿ. ನೀಲಿ ಬರುವುದು ತಾಮ್ರದಿಂದ, ಸಕ್ಕರೆ ಅದನ್ನು ಕೆಂಪು ಮಾಡುತ್ತದೆ.

ಎಷ್ಟೋ ಮನೆಗಳಲ್ಲಿ ಹಿರಿಯರು ತಾವೇ ಇದನ್ನು ಮಾಡಿಕೊಳ್ಳುತ್ತಿದ್ದರು. ಆದರೆ ಮಿತಿ ತಿಳಿದಿರಲಿ. ರಕ್ತದಲ್ಲಿ 180ರ ಸುತ್ತಮುತ್ತ ದಾಟಿದ ಮೇಲೆ ಮಾತ್ರ ಕಿಡ್ನಿ ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತದೆ. ವಯಸ್ಸಾದವರಲ್ಲಿ ಆ ಗಡಿ ಇನ್ನೂ ಮೇಲಿರಬಹುದು. 160 ಇದ್ದರೂ ನೀಲಿ, 90 ಇದ್ದರೂ ನೀಲಿ, 45 ಇದ್ದರೂ ನೀಲಿ. ಲೋ ಶುಗರ್ ಇದರಲ್ಲಿ ಎಂದೂ ಕಾಣುವುದಿಲ್ಲ. ಇನ್ಸುಲಿನ್ ತಗೊಳ್ಳುವವರಿಗೆ ಬೇಕಾದದ್ದೇ ಇದರಲ್ಲಿ ಇಲ್ಲ.

ರಟಕಲ್_ಬಸ್
ನಮ್ಮ ಅಜ್ಜಿ ಮೂತ್ರಕ್ಕೆ ಇರುವೆ ಮುತ್ತಿದ್ದು ನೋಡಿ ಹೇಳುತ್ತಿದ್ದಳು.

ನಿವೃತ್ತ_ಲ್ಯಾಬ್
ಅಜ್ಜಿ ಕಂಡದ್ದು ಸರಿಯೇ. ಅದೂ 180 ದಾಟಿದ ಮೇಲಿನದ್ದೇ. ಇನ್ನೊಂದು ವಿಷಯ ನೆನಪಿರಲಿ. ಈಗ ಕೆಲವು ಶುಗರ್ ಮಾತ್ರೆಗಳು ಸಕ್ಕರೆಯನ್ನು ಬೇಕಂತಲೇ ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಅಂತ ಬರುವಂಥವು. ಅವನ್ನು ನುಂಗುವವರಿಗೆ ಮೂತ್ರದ ಶುಗರ್ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ಚಿಂಚೋಳಿ_ಕಾಡು
ಹಾಗಲಕಾಯಿ ರಸ, ಮೆಂತ್ಯ ನೆನೆಸಿದ ನೀರು ಕುಡಿಯಿರಿ. ಚೆಕ್ ಮಾಡುವ ತಾಪತ್ರಯವೇ ಇಲ್ಲ.

ನೈಟ್_ಡ್ಯೂಟಿ_ಸಿಸ್ಟರ್
ಮೆಂತ್ಯ ತಿನ್ನಿ, ಹಾಗಲಕಾಯಿ ಪಲ್ಯ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಇನ್ಸುಲಿನ್ ಬಿಟ್ಟು ಅದನ್ನು ನಂಬಿ ಬಂದ ಕಾಲುಹುಣ್ಣುಗಳನ್ನು ನಾನು ದಿನಾ ಡ್ರೆಸಿಂಗ್ ಮಾಡುತ್ತೇನೆ. ಚೆಕ್ ಮಾಡುವುದನ್ನು ಬಿಡಿ ಅಂತ ಇಲ್ಲಿ ಯಾರಿಗೂ ಹೇಳಬೇಡಿ.

ತೊಗರಿ_ಕಣಜ
ಅಕ್ಕಿ ಬಿಟ್ಟು ಜೋಳದ ರೊಟ್ಟಿ, ಪುಂಡಿಪಲ್ಯ ತಿಂದರೆ ಶುಗರ್ ಬರುವುದೇ ಇಲ್ಲ ಅನ್ನುತ್ತಾರಲ್ಲ, ನಿಜವಾ?

ನೈಟ್_ಡ್ಯೂಟಿ_ಸಿಸ್ಟರ್
ಜೋಳದಲ್ಲಿ ನಾರು ಇದೆ, ಒಳ್ಳೆಯದು. ಆದರೆ ಅದೂ ಪಿಷ್ಟವೇ. ಐದು ರೊಟ್ಟಿ ತಿಂದರೆ ಐದು ರೊಟ್ಟಿಯ ಶುಗರ್ ಏರುತ್ತದೆ. ಎರಡಕ್ಕೆ ಇಳಿಸಿ, ಪಲ್ಯ, ಬೇಳೆ ಜಾಸ್ತಿ ಮಾಡಿ.

ಸೈನ್ಸ್_ಟೀಚರ್_ಬೀದರ್
ಮಾತು ಎಲ್ಲೋ ಹೋಯಿತು. ಬೆಳಕಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ನಮ್ಮವರ ಪಾಲು ದೊಡ್ಡದು. ಸಿ.ವಿ. ರಾಮನ್ 1928ರಲ್ಲಿ ಕಂಡದ್ದು ಇದೇ: ವಸ್ತುವಿಗೆ ಬೆಳಕು ಬಡಿದು ಚದುರಿದಾಗ ಅದರ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ. ಎಷ್ಟು ಬದಲಾಯಿತು ಅನ್ನುವುದು ಅಣುವಿನಿಂದ ಅಣುವಿಗೆ ಬೇರೆ. ಗ್ಲೂಕೋಸ್‌ಗೂ ತನ್ನದೇ ಗುರುತು ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಇದರ ಮೇಲೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. 2020ರಲ್ಲಿ ಹಂದಿಯ ಚರ್ಮದ ಮೂಲಕ ಗ್ಲೂಕೋಸ್‌ನ ರಾಮನ್ ಗುರುತನ್ನು ನೇರವಾಗಿ ಹಿಡಿದು ತೋರಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರದ್ದು ಇನ್ನೊಂದು ದಾರಿ. ಲೇಸರ್ ಬೆಳಕು ಬಿದ್ದಾಗ ಒಳಗಿನ ಭಾಗ ಅತಿ ಸ್ವಲ್ಪ ಬಿಸಿಯಾಗಿ ಹಿಗ್ಗಿ ಶಬ್ದದ ಅಲೆ ಹೊರಡುತ್ತದೆ. ಬೆಳಕಿನಿಂದ ಶಬ್ದ ಹುಟ್ಟುವುದನ್ನು 1880ರಲ್ಲೇ ಕಂಡವರು ಟೆಲಿಫೋನಿನ ಗ್ರಹಾಂ ಬೆಲ್. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು ಹಾಯುವಾಗ ಗ್ಲೂಕೋಸ್ ಆ ಕಂಪನದ ದಿಕ್ಕನ್ನು ತಿರುಗಿಸುತ್ತದೆ. ಹಾಗಾಗಿ ಅಂಥ ಬೆಳಕು ಬಿಟ್ಟು, ಬರುವ ಶಬ್ದದ ಏರಿಳಿತ ಕೇಳಿ ಸಕ್ಕರೆ ಎಷ್ಟಿದೆ ಅಂತ ಅಂದಾಜು ಮಾಡುತ್ತಾರೆ. ಲ್ಯಾಬ್‌ನಲ್ಲಿ ಒಳ್ಳೆಯ ಫಲಿತಾಂಶ ಬಂದಿದೆ. ಆದರೆ ಲೇಸರ್ ಇನ್ನೂ ದುಬಾರಿ, ಉಪಕರಣ ದೊಡ್ಡದು. ಕೈಗಡಿಯಾರದೊಳಗೆ ಕೂರುವಂಥದ್ದಲ್ಲ.

ಇಷ್ಟು ದೊಡ್ಡ ದೊಡ್ಡ ಲ್ಯಾಬ್‌ಗಳು ಲೇಸರ್ ಇಟ್ಟುಕೊಂಡು ಒದ್ದಾಡುತ್ತಿರುವುದನ್ನು 2,800 ರೂಪಾಯಿಯ ಹಸಿರು ಲೈಟ್ ಮಾಡಿಬಿಟ್ಟಿತು ಅಂದರೆ ನಂಬುವುದು ಹೇಗೆ?

ಬೀದರ್_ಕೋಟೆ
ಆ ಹಸಿರು ಲೈಟ್ ಹಾಗಾದರೆ ಏನು ಮಾಡುತ್ತದೆ?

ಸೈನ್ಸ್_ಟೀಚರ್_ಬೀದರ್
ನಾಡಿ ಬಡಿತ ಎಣಿಸುತ್ತದೆ ಸರ್. ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೆ ವಾಪಸ್ ಬರುವ ಬೆಳಕು ಸ್ವಲ್ಪ ಕಮ್ಮಿ-ಜಾಸ್ತಿ ಆಗುತ್ತದೆ. ಆ ಕೆಲಸಕ್ಕೆ ಒಳ್ಳೆಯ ಸಾಧನ. ನಡಿಗೆ ಲೆಕ್ಕಕ್ಕೂ ಇಟ್ಟುಕೊಳ್ಳಿ.

ಬೀದರ್_ಕೋಟೆ
ಇಟ್ಟುಕೊಳ್ಳುತ್ತೇನೆ. ಊಟದ ಮೇಲೂ ಒಮ್ಮೆ ಎರಡನ್ನೂ ನೋಡಿ ಇಲ್ಲಿ ಹಾಕುತ್ತೇನೆ. ಅಲ್ಲಿವರೆಗೆ ನನ್ನ ಮಾತು ನನಗೆ.

ಅಫಜಲಪುರ_ಭೀಮೆ
ಮಷೀನ್ ಕೂಡ ಏನು ಮಹಾ ಸರಿ? ಲ್ಯಾಬ್‌ನಲ್ಲಿ 186 ಬಂದರೆ ಮನೆಯಲ್ಲಿ 204 ಬರುತ್ತದೆ. ಎರಡು ಸಲ ಚುಚ್ಚಿದರೆ ಎರಡು ಥರ.

ನಿವೃತ್ತ_ಲ್ಯಾಬ್
ಮನೆ ಮಷೀನ್‌ಗೆ ಅಂತರರಾಷ್ಟ್ರೀಯ ನಿಯಮ ಇದೆ. 100 ಮತ್ತು ಅದಕ್ಕೂ ಮೇಲೆ ಇದ್ದಾಗ ನೂರಕ್ಕೆ ತೊಂಬತ್ತೈದು ರೀಡಿಂಗ್‌ಗಳು ಲ್ಯಾಬ್ ಬೆಲೆಯ ಶೇಕಡಾ 15ರ ಒಳಗೆ ಬರಬೇಕು. 100ರ ಕೆಳಗೆ 15 ಮಿಲಿಗ್ರಾಂ ಒಳಗೆ. 186ಕ್ಕೆ 204 ಅಂದರೆ ಶೇಕಡಾ 10ರಷ್ಟು ವ್ಯತ್ಯಾಸ, ಅದು ಲೆಕ್ಕದೊಳಗೇ ಇದೆ. ಜೊತೆಗೆ ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ಮೊಣಕೈ ರಕ್ತನಾಳದ ರಕ್ತಕ್ಕಿಂತ ಜಾಸ್ತಿಯೇ ಇರುತ್ತದೆ. ಮಷೀನ್ ಕೆಟ್ಟಿದೆ ಅಂತ ಎಸೆಯಬೇಡಿ. ಔಷಧ ಬದಲಿಸುವಂಥ ನಿರ್ಧಾರ ಮಾಡಲು ಈ ವ್ಯತ್ಯಾಸ ಅಡ್ಡಿ ಬರುವುದಿಲ್ಲ. 48 ಇದ್ದಾಗ 110 ತೋರಿಸುವುದು ಬೇರೆಯೇ ಮಾತು.

ಒಮ್ಮೆಲೇ ವಿಚಿತ್ರ ನಂಬರ್ ಬಂದರೆ ಮೊದಲು ಕೈ ನೋಡಿ. ನಮ್ಮ ಮನೆಯಲ್ಲಿ ಯುಗಾದಿ ದಿನ ಹೂರಣ ರುಬ್ಬಿ ಎದ್ದು ಬಂದವರು ಹಾಗೇ ಚುಚ್ಚಿಕೊಂಡರು, 268 ಬಂತು. ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಬೇರೆ ಬೆರಳಲ್ಲಿ ನೋಡಿದರೆ 141. ಬೆರಳಿಗೆ ಅಂಟಿದ ಬೆಲ್ಲದ ಕಣ ಆ ಸಣ್ಣ ಹನಿಗೆ ಸೇರಿದರೆ ಸಾಕು. ಮಾವಿನಹಣ್ಣು ಹೆಚ್ಚಿದ ಕೈಯೂ ಹಾಗೇ.

ಜೇವರ್ಗಿ_ರಸ್ತೆ
ಇಷ್ಟು ಓದಿದ ಮೇಲೆ ವಾಚ್ ಬೇಡ ಅಂತ ಮನಸ್ಸಿಗೆ ಬಂತು. ಆದರೆ ಅವ್ವನ ಬೆರಳಿನ ಪ್ರಶ್ನೆ ಹಾಗೇ ಇದೆಯಲ್ಲ. ಬರೀ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿದರೆ ಸಾಕಾಗುವುದಿಲ್ಲವಾ?

ನಿವೃತ್ತ_ಲ್ಯಾಬ್
ಅದು ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ. ಬೆಳಿಗ್ಗೆ 60, ರಾತ್ರಿ 280 ಆಗುತ್ತಿದ್ದರೂ ಸರಾಸರಿ ಸುಮಾರಾಗಿ ಕಾಣಬಹುದು. ರಕ್ತ ಕಮ್ಮಿ ಇದ್ದವರಲ್ಲಿ ಅದೂ ದಾರಿ ತಪ್ಪಿಸುತ್ತದೆ. ಕಬ್ಬಿಣದ ಕೊರತೆ ಇದ್ದರೆ ಜಾಸ್ತಿ ತೋರಿಸಬಹುದು, ಕೆಂಪು ಕಣ ಬೇಗ ಸಾಯುವ ಕಾಯಿಲೆ ಇದ್ದರೆ ಕಮ್ಮಿ. ಅವ್ವನಿಗೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಒಮ್ಮೆ ನೋಡಿಸಿ.

ನೈಟ್_ಡ್ಯೂಟಿ_ಸಿಸ್ಟರ್
ಬೆರಳಿನ ವಿಷಯಕ್ಕೆ ನಾನು ಹೇಳುತ್ತೇನೆ ತಮ್ಮಾ. ಬಹಳ ಜನ ಬೆರಳಿನ ನಡುಮಧ್ಯ, ಮೆತ್ತಗಿರುವ ಕಡೆ ಚುಚ್ಚುತ್ತಾರೆ. ನೋವಿನ ನರಗಳು ಜಾಸ್ತಿ ಇರುವುದೇ ಅಲ್ಲಿ. ರೊಟ್ಟಿ ಬಡಿಯುವಾಗ ತಾಗುವುದೂ ಅದೇ ಜಾಗ. ಉಗುರಿನ ಪಕ್ಕದ ಅಂಚಿಗೆ ಚುಚ್ಚಿ. ಉಂಗುರ ಬೆರಳು, ನಡುಬೆರಳು ಒಳ್ಳೆಯದು. ಅವ್ವ ಬಲಗೈಯಲ್ಲಿ ರೊಟ್ಟಿ ಬಡಿದರೆ ಎಡಗೈ ಆರಿಸಿ, ದಿನಾ ಬೆರಳು ಬದಲಿಸಿ.

ಚುಚ್ಚುವ ಮೊದಲು ಬೆಚ್ಚಗಿನ ನೀರಲ್ಲಿ ಕೈ ತೊಳೆಯಲಿ, ಪೂರ್ತಿ ಒಣಗಿಸಿ. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಲಿ, ರಕ್ತ ತಾನಾಗಿ ಬರುತ್ತದೆ. ಪೆನ್ನಿನಂಥ ಚುಚ್ಚುವ ಸಾಧನದಲ್ಲಿ ಆಳದ ನಂಬರ್ ಇರುತ್ತದೆ, ಕಮ್ಮಿಯಿಂದ ಶುರು ಮಾಡಿ. ಒಂದೇ ಸೂಜಿ ವಾರಗಟ್ಟಲೆ ಬಳಸುವ ಮನೆಗಳನ್ನು ನೋಡಿದ್ದೇನೆ. ತುದಿ ಮೊಂಡಾಗುತ್ತದೆ, ನೋವು ಅದರಿಂದಲೇ ಜಾಸ್ತಿ. ಒಬ್ಬರ ಸೂಜಿ ಇನ್ನೊಬ್ಬರಿಗೆ ಬೇಡವೇ ಬೇಡ, ಮನೆಯವರಾದರೂ ಸರಿ. ಹೆಪಟೈಟಿಸ್ ಬಿ ಹರಡುವುದು ಹೀಗೇ.

ಲೋ ಆದರೆ ಏನು ಮಾಡಬೇಕು ಅಂತ ಮನೆಯವರೆಲ್ಲ ತಿಳಿದಿರಲಿ. ಮೂರು ಚಹಾ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಚೆಕ್ ಮಾಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಭಾಲ್ಕಿ_ತಾಯಿ
ಜೊತೆಗೆ ಇದನ್ನೂ ಡಾಕ್ಟರ್ ಹತ್ತಿರ ಕೇಳಿ: ಎರಡು ವಾರಕ್ಕೆ ಒಂದೇ ಒಂದು ಸೆನ್ಸರ್ ಹಾಕಿ ನೋಡಬಹುದಾ ಅಂತ. ಅವ್ವನ ಶುಗರ್ ಯಾವ ಹೊತ್ತಿಗೆ ಏರುತ್ತದೆ, ರಾತ್ರಿ ಇಳಿಯುತ್ತದಾ ಅಂತ ಒಮ್ಮೆ ಗೊತ್ತಾದರೆ ಆಮೇಲೆ ಯಾವ ಹೊತ್ತಿಗೆ ಚುಚ್ಚಿದರೆ ಸಾಕು ಅಂತ ಅವರೇ ಹೇಳುತ್ತಾರೆ. ನಮಗೆ ಅದರಿಂದ ಚುಚ್ಚುವುದು ಕಮ್ಮಿಯಾಯಿತು.

ಸುರಪುರ_ಅಕ್ಕ
ಮಷೀನ್ ಇಲ್ಲದವರು 30 ವರ್ಷ ದಾಟಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡಿಸಿಕೊಳ್ಳಿ. ಆಶಾ ಅಕ್ಕನನ್ನು ಕೇಳಿದರೆ ದಿನ ಹೇಳುತ್ತಾಳೆ.

ಜೇವರ್ಗಿ_ರಸ್ತೆ
ಎಲ್ಲರಿಗೂ ಶರಣು. ಸೆನ್ಸರ್ ವಿಷಯ ಈ ಸಲ ಡಾಕ್ಟರ್ ಹತ್ತಿರ ಕೇಳುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಬಿಸಿಲು ಶುರುವಾಯಿತು, ಕರೆಂಟ್ ಹೋಗಿ ಬಂದು ಮಾಡುತ್ತದೆ. ಸ್ಟ್ರಿಪ್, ಇನ್ಸುಲಿನ್ ಎರಡನ್ನೂ ಫ್ರಿಜ್‌ನಲ್ಲೇ ಇಡಲಾ?

ಮೆಡಿಕಲ್_ಅಣ್ಣ_ಸೇಡಂ
ಸ್ಟ್ರಿಪ್ ಫ್ರಿಜ್‌ನಲ್ಲಿ ಬೇಡ. ತೇವ ತಾಗಿದರೆ ಅದು ಕೆಡುತ್ತದೆ. ಸಾಮಾನ್ಯವಾಗಿ 30 ಡಿಗ್ರಿ ಒಳಗೆ ಇಡಿ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ನಮ್ಮಲ್ಲಿ ಮೇ ತಿಂಗಳು 42 ದಾಟುತ್ತದೆ, ಹಾಗಾಗಿ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಆರಿಸಿ. ಕಿಟಕಿ, ಒಲೆ, ಬೈಕ್ ಡಿಕ್ಕಿ ಬೇಡ. ಸ್ಟ್ರಿಪ್ ತೆಗೆದ ಕೂಡಲೇ ಅದರ ಡಬ್ಬಿಯ ಮುಚ್ಚಳ ಹಾಕಿ, ಬೇರೆ ಡಬ್ಬಿಗೆ ತುಂಬಬೇಡಿ.

ಸೀಲ್ ಒಡೆಯದ ಇನ್ಸುಲಿನ್ ಮಾತ್ರ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ. ಬಾಗಿಲಿನ ಅರೆಯಲ್ಲಿ ಇಡಿ, ಫ್ರೀಜರ್ ಹತ್ತಿರ ಬೇಡ, ಹೆಪ್ಪುಗಟ್ಟಿದರೆ ಎಸೆಯಬೇಕು. ಕರೆಂಟ್ ಇಲ್ಲದ ದಿನ ದೊಡ್ಡ ಮಣ್ಣಿನ ಮಡಕೆಯಲ್ಲಿ ಅರ್ಧ ನೀರು ಹಾಕಿ, ಒಳಗೆ ಸಣ್ಣ ಮಡಕೆ ಇಟ್ಟು, ಅದರಲ್ಲಿ ಇನ್ಸುಲಿನ್ ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟು ಮುಚ್ಚಿ. ನೀರು ಒಳಗೆ ಹೋಗಬಾರದು. ಗಾಳಿ ಆಡುವ ನೆರಳಲ್ಲಿ ಇಡಿ, ಮೇಲೆ ಒದ್ದೆ ಬಟ್ಟೆ ಸುತ್ತಿ. ಬಳಕೆಗೆ ತೆಗೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ. ತೆಗೆದ ತಾರೀಖನ್ನು ಪೆನ್ನಿನಿಂದ ಬಾಟಲಿ ಮೇಲೇ ಬರೆಯಿರಿ.